ಓದುವ ಹಲಗೆ

ಮುಪ್ಪು ಮನುಷ್ಯನಿಂದ ಒಂದೊಂದನ್ನಾಗಿ ಕಿತ್ತುಕೊಳ್ಳುತ್ತ ಬರುತ್ತದೆ. ಹಲ್ಲು ಹೋದರೆ ಕಟ್ಟಿಸಿದ ಹಲ್ಲುಂಟು. ಕಾಲು ಸೋತರೆ ಊರುಗೋಲುಂಟು. ಕಣ್ಣಿನ ಮಾತು ಹಾಗಲ್ಲ. ಓದುವ ಅಭ್ಯಾಸವಿಲ್ಲದವರಿಗೆ ಕಣ್ಣು ಮಂಜಾದರೆ ದಾರಿ ಮಾತ್ರ ಮಸುಕಾಗುತ್ತದೆ. ಓದುವವರಿಗಾದರೋ ದಿನದ ಅರ್ಧವೇ ಕತ್ತಲಾಗುತ್ತದೆ. ಇದನ್ನು ನಾನು ನನ್ನ ತಾಯಿಯವರಿಂದ ತಿಳಿದೆನು. ಅವರಿಗಾಗಿ ಒಂದು ಓದುವ ಯಂತ್ರವನ್ನು ಕೊಂಡುತರುವುದಕ್ಕೆ ನಾವು ಪಟ್ಟ ಪಾಡನ್ನು ಬರೆದರೆ, ಅಂಥದೇ ಕಷ್ಟದಲ್ಲಿರುವ ನಾಲ್ಕು ಮನೆಗಳಿಗಾದರೂ ಪ್ರಯೋಜನವಾದೀತೆಂದು ಈ ಲೇಖನ.

ನಮ್ಮ ಮನೆ ಮೈಸೂರಿನ ಚಾಮುಂಡಿಪುರದಲ್ಲಿ. ತಾಯಿಯವರಿಗೆ ಈಗ ೭೮ ವರ್ಷ. ಮಧ್ಯಾಹ್ನ ಊಟವಾದ ಮೇಲೆ ಕಾದಂಬರಿ, ಸಾಯಂಕಾಲ ದೀಪ ಹಚ್ಚಿದ ಮೇಲೆ ಲಕ್ಷ್ಮೀಶನ ಜೈಮಿನಿ ಭಾರತ. ಇದು ನಾನು ಬುದ್ಧಿ ತಿಳಿದಂದಿನಿಂದ ಕಂಡ ಕ್ರಮ. ಮರದ ವ್ಯಾಸಪೀಠವನ್ನು ಬಿಚ್ಚಿ ಮುಂದಿಟ್ಟುಕೊಂಡು, ದಿನಕ್ಕೆ ಇಷ್ಟು ಪದ್ಯವೆಂದು ವಾರ್ಧಕ ಷಟ್ಪದಿಯ ಧಾಟಿಯಲ್ಲಿ ಓದುತ್ತ, ೩೪ ಸಂಧಿಗಳನ್ನೂ ಮುಗಿಸಿ, ಮರುದಿನ ಮತ್ತೆ ಮೊದಲ ಸಂಧಿಗೆ ಬರುವರು. ಅಡಿಗೆಮನೆಯಲ್ಲಿದ್ದ ನನ್ನ ಹೆಂಡತಿಗೂ, ಪಾಠ ಓದುತ್ತಿದ್ದ ಮಗನಿಗೂ ಚಂದ್ರಹಾಸನ ಕಥೆ ಬಾಯಿಪಾಠವಾಗಿದ್ದುದು ಹೀಗೆಯೇ.

ಕಳೆದ ನವರಾತ್ರಿಯಲ್ಲಿ ಒಂದು ಸಂಜೆ ನಾನು ಅವರ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದೆನು. ಅವರು ಹಾಳೆಯನ್ನು ಮಗುಚಿದರು. ಒಂದಲ್ಲ, ಎರಡು ಹಾಳೆ ಒಟ್ಟಿಗೆ ಮಗುಚಿಹೋಯಿತು. ಆದರೂ ಪದ್ಯ ಎಲ್ಲಿಯೂ ತುಂಡಾಗಲಿಲ್ಲ; ಹಿಂದಿನ ಪುಟದಿಂದ ಮುಂದಿನ ಪುಟಕ್ಕೆ ಹೇಗೆ ಹರಿಯಬೇಕೋ ಹಾಗೆಯೇ ಹರಿಯಿತು. ನಾನು ಪುಸ್ತಕವನ್ನು ನೋಡಿದೆನು. ಅವರು ಹೇಳುತ್ತಿದ್ದ ಪದ್ಯ ಆ ಪುಟದಲ್ಲಿರಲಿಲ್ಲ. ಅವರು ಓದುತ್ತಿರಲಿಲ್ಲ, ನೆನೆದುಕೊಂಡು ಹೇಳುತ್ತಿದ್ದರು.

“ಅಮ್ಮ, ನಿನಗೆ ಅಕ್ಷರ ಕಾಣಿಸುತ್ತಿದೆಯೇ?” ಎಂದು ಕೇಳಿದೆನು.

ಅವರು ಪುಸ್ತಕವನ್ನು ಮುಚ್ಚಿದರು. “ಯುಗಾದಿಯಿಂದ ಸರಿಯಾಗಿ ಕಾಣಿಸುತ್ತಿಲ್ಲ ಮಗು. ಹೇಳಿ ಏನು ಮಾಡಲಿ? ವಯಸ್ಸಿಗೆ ಔಷಧವುಂಟೇ?” ಎಂದರು. ಕಾದಂಬರಿಗಳು ಈಚೆಗೆ ಬೇಸರವೆಂದು ಅವರು ಪಕ್ಕಕ್ಕಿಟ್ಟಿದ್ದುದರ ಅರ್ಥ ನನಗೆ ಆಗ ಹೊಳೆಯಿತು. ಒಂದೇ ಮನೆಯಲ್ಲಿದ್ದು ಆರು ತಿಂಗಳು ಇದನ್ನು ಕಾಣದೆ ಹೋದವನು ನಾನು. ಕಣ್ಣು ಮಂಜಾದುದು ಯಾರದೆಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆನು.

ಮರುದಿನವೇ ಕಣ್ಣಿನ ವೈದ್ಯರಲ್ಲಿಗೆ ಹೋದೆವು. ಪೊರೆಯ ಶಸ್ತ್ರಚಿಕಿತ್ಸೆ ಹಿಂದೆಯೇ ಆಗಿತ್ತು, ಈಗಿನದು ಬೇರೆ. ಕಣ್ಣಿನ ಒಳಗೋಡೆಯಲ್ಲಿರುವ ಅಕ್ಷಿಪಟಲದ ನಟ್ಟನಡುವಿನ ಸಣ್ಣ ಜಾಗವೇ ಸೂಕ್ಷ್ಮವಾದುದನ್ನು ನೋಡುವ ಸ್ಥಾನ. ಅಕ್ಷರವನ್ನು ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖವನ್ನು ಗುರುತಿಸುವುದು ಎಲ್ಲವೂ ಅದರಿಂದಲೇ. ವಯಸ್ಸಾದಂತೆ ಕೆಲವರಿಗೆ ಆ ಜಾಗ ಸವೆಯುತ್ತದೆ. ಸುತ್ತಿನ ನೋಟ ಉಳಿದಿರುವುದರಿಂದ ಮನೆಯಲ್ಲಿ ಓಡಾಡಬಹುದು. ನೇರವಾಗಿ ನೋಡಿದ ವಸ್ತುವಿನ ನಡುವೆ ಮಾತ್ರ ಮಸಿ ಸವರಿದಂತಾಗುತ್ತದೆ. ಒಣ ಬಗೆಯದಾದುದರಿಂದ ಚುಚ್ಚುಮದ್ದಿನ ಪ್ರಯೋಜನ ಇವರಿಗಿಲ್ಲವೆಂದೂ, ಹೋದ ನೋಟ ಮರಳಿ ಬಾರದೆಂದೂ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ಹೊರಡುವಾಗ, “ಓದುವುದನ್ನು ಬಿಡಿಸಬೇಡಿ. ಅಕ್ಷರ ದೊಡ್ಡದಾಗಿರಲಿ, ಕಪ್ಪು ಬಿಳುಪು ಸ್ಪಷ್ಟವಾಗಿರಲಿ, ಬೆಳಕು ಚೆನ್ನಾಗಿರಲಿ” ಎಂದರು. ನಮ್ಮ ಕೆಲಸ ಅಲ್ಲಿಂದ ಆರಂಭವಾಯಿತು.

ಎಷ್ಟು ದೊಡ್ಡದು? ಇದನ್ನು ಊಹೆಗೆ ಬಿಡಬಾರದೆಂದು ಜೈಮಿನಿ ಭಾರತದ ಒಂದು ಪುಟವನ್ನು ಜೆರಾಕ್ಸ್ ಅಂಗಡಿಗೆ ಕೊಂಡೊಯ್ದು ಒಂದೂಕಾಲು ಪಾಲು, ಒಂದೂವರೆ ಪಾಲು, ಎರಡು ಪಾಲು ಎಂದು ಹಿಗ್ಗಿಸಿ ಪ್ರತಿ ತೆಗೆಸಿದೆನು. ಮೊದಲೆರಡನ್ನು ತಾಯಿಯವರು ತಡವರಿಸುತ್ತ ನೋಡಿದರು. ಮೂರನೆಯದನ್ನು ಕಿಟಕಿಯ ಬಳಿ ಹಿಡಿದು, ಒತ್ತಕ್ಷರವನ್ನೂ ಬಿಡದೆ ಓದಿದರು. ಅಕ್ಷರ ಇಮ್ಮಡಿಯಾಗಬೇಕು ಎಂದು ನಿಶ್ಚಯವಾಯಿತು. ಇಡೀ ಪುಸ್ತಕವನ್ನೇ ಹೀಗೆ ಮಾಡಿಸಿದರೆ? ಹಾಳೆ ಗೋಣಿಚೀಲ ತುಂಬುತ್ತದೆ. ಮುಂದಿನ ಪುಸ್ತಕಕ್ಕೆ ಇನ್ನೊಂದು ಚೀಲ. ಭೂತಗಾಜು ಮನೆಯಲ್ಲಿತ್ತು, ಆದರೆ ನಡುಗುವ ಕೈಯಲ್ಲಿ ಗಾಜು ಹಿಡಿದು ಸಾಲಿನ ಮೇಲೆ ಎಳೆಯುವುದು ಹತ್ತು ನಿಮಿಷದ ಮಾತು.

ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗ, “ಅಜ್ಜಿಗೆ ಒಂದು ಟ್ಯಾಬ್ಲೆಟ್ ತರೋಣ ಅಪ್ಪ” ಎಂದನು. ಅದನ್ನು ಕೇಳಿದ ತಾಯಿಯವರು, “ಇರುವ ಆರು ಬಗೆಯ ಮಾತ್ರೆ ಸಾಲದೆ, ಇನ್ನೊಂದೇ?” ಎಂದು ಗಾಬರಿಯಾದರು. ಅದು ಮಾತ್ರೆಯಲ್ಲ, ಸ್ಲೇಟಿನಂತಹ ಯಂತ್ರವೆಂದು ತಿಳಿಸಿದ ಮೇಲೆ ಅವರೇ ಅದಕ್ಕೆ ‘ಹಲಗೆ’ ಎಂದು ಹೆಸರಿಟ್ಟರು. ಮನೆಯಲ್ಲಿ ಈಗ ಎಲ್ಲರೂ ಹಾಗೆಯೇ ಕರೆಯುತ್ತೇವೆ.

ಕೊಳ್ಳುವವರು ಮೊದಲು ತಿಳಿಯಬೇಕಾದ ಒಂದು ಸಂಗತಿಯುಂಟು. ಯಂತ್ರದಲ್ಲಿ ಓದುವ ಪುಸ್ತಕಗಳಲ್ಲಿ ಎರಡು ಜಾತಿ. ಒಂದರಲ್ಲಿ ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ. ಕನ್ನಡ ಲಿಪಿಗೆ ೧೯೯೧ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತುದರಿಂದ, ಇಂತಹ ಪುಸ್ತಕವನ್ನು ಈಗಿನ ಯಾವ ಯಂತ್ರದಲ್ಲಿಯೂ ತೆರೆಯಬಹುದು. ಅಕ್ಷರವನ್ನು ಎಷ್ಟು ದೊಡ್ಡದು ಮಾಡಿದರೂ ಸಾಲು ತಾನಾಗಿ ಮುರಿದು ಕೆಳಗಿಳಿಯುತ್ತದೆ. ಇವಕ್ಕೆ ಚಿಕ್ಕ ತೆರೆ ಸಾಕು. ಎರಡನೆಯ ಜಾತಿ, ಹಳೆಯ ಮುದ್ರಿತ ಪುಸ್ತಕದ ಪುಟಪುಟವನ್ನೂ ಸ್ಕ್ಯಾನ್ ಮಾಡಿ ಪೋಣಿಸಿದುದು. ಅಲ್ಲಿರುವುದು ಅಕ್ಷರವಲ್ಲ, ಅಕ್ಷರದ ಚಿತ್ರ. ಹಿಗ್ಗಿಸಿದರೆ ಸಾಲು ಮುರಿಯುವುದಿಲ್ಲ. ತೆರೆಯ ಆಚೆಗೆ ಹೋಗುತ್ತದೆ. ನಮ್ಮ ಹಳೆಯ ಕನ್ನಡ ಗ್ರಂಥಗಳು ಬಹುಮಟ್ಟಿಗೆ ಈ ಎರಡನೆಯ ಜಾತಿಯವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪ್ರಧಾನ ಪಾತ್ರ ವಹಿಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳ ಪುಟಗಳನ್ನು ಹೀಗೆ ಚಿತ್ರಿಸಿಟ್ಟರು. ಅವುಗಳಲ್ಲಿ ಬಹಳಷ್ಟು ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿ ದೊರೆಯುತ್ತವೆ. ತಾಯಿಯವರಿಗೆ ಬೇಕಾದುದು ಅಲ್ಲಿತ್ತು.

ಸ್ನೇಹಿತರೊಬ್ಬರು ತಮ್ಮ ಆರು ಅಂಗುಲದ ಇ-ಇಂಕ್ ಯಂತ್ರವನ್ನು ಒಂದು ವಾರಕ್ಕೆ ಕೊಟ್ಟರು. ಅದರ ತೆರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಿದ್ದು, ಒಂದೊಂದರೊಳಗೂ ಕಪ್ಪು ಮತ್ತು ಬಿಳಿಯ ಕಣಗಳಿರುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಬೇಕಾದುವು ಮೇಲೆ ಬಂದು ಅಕ್ಷರವಾಗುತ್ತವೆ. ಕಾಗದದಂತೆ ಹೊರಗಿನ ಬೆಳಕಿನಲ್ಲಿಯೇ ಓದುವುದರಿಂದ ಕಣ್ಣಿಗೆ ಹಿತ. ಪುಟ ಮಗುಚುವಾಗ ಮಾತ್ರ ವಿದ್ಯುತ್ತು ಬೇಕಾದುದರಿಂದ ವಾರಗಟ್ಟಲೆ ಚಾರ್ಜು ಬೇಡ. ಕಣ್ಣು ಗಟ್ಟಿಯಾಗಿದ್ದು ಹೊಸ ಕಾದಂಬರಿಗಳನ್ನು ಓದುವವರು ಇದಕ್ಕಿಂತ ಬೇರೆ ಬಯಸಬೇಕಾಗಿಲ್ಲ. ಆದರೆ ಹಳೆಯ ಪುಟದ ಚಿತ್ರ ಅದರಲ್ಲಿ ಅಂಚೆ ಚೀಟಿಯಂತಾಯಿತು. ದೊಡ್ಡ ತೆರೆಯ ಇ-ಇಂಕ್ ಯಂತ್ರಗಳೂ ಉಂಟು. ಅವುಗಳ ಬೆಲೆ ಕೇಳಿ ನಾವು ನಮಸ್ಕಾರ ಮಾಡಿ ಬಂದೆವು. ಉಳಿದುದು ಒಳಗಿನಿಂದ ಬೆಳಕು ಕೊಡುವ ಸಾಧಾರಣ ತೆರೆಯ ಹಲಗೆ. ತಾಯಿಯವರ ಮಟ್ಟಿಗೆ ಆ ಬೆಳಕೇ ಅನುಕೂಲ. ಅಕ್ಷರದ ಹಿಂದಿನ ಬಿಳುಪನ್ನು ಬೇಕಾದಷ್ಟು ಏರಿಸಬಹುದು, ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರವನ್ನೂ ಮಾಡಿಕೊಳ್ಳಬಹುದು.

ಇನ್ನು ಅಳತೆಯ ಪ್ರಶ್ನೆ. ಅಂಗಡಿಯವರು ತೆರೆಯನ್ನು ಮೂಲೆಯಿಂದ ಮೂಲೆಗೆ ಅಳೆದು ಅಂಗುಲ ಹೇಳುತ್ತಾರೆ. ಓದುವವನಿಗೆ ಬೇಕಾದುದು ಅಗಲ. ಮಗ ಅಡಿಪಟ್ಟಿ ಹಿಡಿದು ಕುಳಿತನು. ನಮ್ಮ ಜೈಮಿನಿ ಭಾರತ ಕ್ರೌನ್ ಅಷ್ಟದಳ. ಪುಟ ೫ ಅಂಗುಲ ಅಗಲ, ೭.೫ ಅಂಗುಲ ಉದ್ದ. ಅಂಚು ಬಿಟ್ಟು ಅಕ್ಷರದ ಸಾಲಿನ ಅಗಲ ೪ ಅಂಗುಲ. ಇಮ್ಮಡಿಯಾದರೆ ೮ ಅಂಗುಲ. ಆದುದರಿಂದ ಹಲಗೆಯನ್ನು ಅಡ್ಡಲಾಗಿಟ್ಟಾಗ ತೆರೆಯ ಅಗಲ ೮ ಅಂಗುಲಕ್ಕೆ ಕಡಮೆಯಾಗಬಾರದು. ಮೊಬೈಲನ್ನು ಅಡ್ಡ ಹಿಡಿದರೂ ಅಷ್ಟು ಅಗಲ ದೊರೆಯುವುದಿಲ್ಲ. ಎಂಟು ಅಂಗುಲದ್ದೆಂದು ಮಾರುವ ಹಲಗೆಯ ತೆರೆ ಅಡ್ಡಲಾಗಿ ೬.೮ ಅಂಗುಲ ಮಾತ್ರ. ೧೦.೧ ಅಂಗುಲದ್ದು, ಹದಿನಾರಕ್ಕೆ ಹತ್ತರ ಪ್ರಮಾಣದ್ದಾದರೆ, ೮.೫ ಅಂಗುಲ ಅಗಲವಿರುತ್ತದೆ. ಪೈಥಾಗೊರಸನ ಸೂತ್ರ ಮನೆಗೆಲಸಕ್ಕೆ ಬಂದುದನ್ನು ನಾನು ಕಂಡದ್ದು ಅದೇ ಮೊದಲು. ಇನ್ನೊಂದು ಸೊಗಸು: ನಮ್ಮ ಡೆಮಿ ಅಷ್ಟದಳ ಪುಸ್ತಕದ ಪುಟ ಸುಮಾರು ೫.೫ ಅಂಗುಲಕ್ಕೆ ೮.೫ ಅಂಗುಲ, ಮೂಲೆಯಿಂದ ಮೂಲೆಗೆ ೧೦.೧ ಅಂಗುಲ. ಹಲಗೆಯನ್ನು ಉದ್ದಕ್ಕೆ ನಿಲ್ಲಿಸಿದರೆ ಒಂದು ಪುಟ ಬಹುತೇಕ ತನ್ನ ನಿಜವಾದ ಗಾತ್ರದಲ್ಲಿಯೇ ಕಾಣುತ್ತದೆ.

ಅಳತೆ ಸಿಕ್ಕಿತು, ದುಡ್ಡು? ದೀಪಾವಳಿಗೆ ಮನೆಗೆ ಸುಣ್ಣ ಬಣ್ಣ ಮಾಡಿಸಲು ೧೫,೦೦೦ ರೂಪಾಯಿ ಎತ್ತಿಟ್ಟಿದ್ದೆವು. ನನ್ನ ಹೆಂಡತಿಯೇ, “ಗೋಡೆ ಇನ್ನೊಂದು ವರ್ಷ ಕಾಯುತ್ತದೆ; ಅತ್ತೆಯವರ ಕಣ್ಣು ಕಾಯುತ್ತದೆಯೇ?” ಎಂದಳು. ತಾಯಿಯವರು ಒಪ್ಪಲಿಲ್ಲ. ಹುಡುಗನ ಕಾಲೇಜಿನ ಖರ್ಚು ಮುಂದಿದೆ, ಸಾಯುವ ಮುದುಕಿಗೆ ಏಕೆ ಎಂದು ಎರಡು ದಿನ ವಾದಿಸಿದರು. ಕೊನೆಗೆ ನೋಡಿ ಬರುವುದಕ್ಕೆ ಮಾತ್ರ ಎಂದು ಹೇಳಿ ಆಟೋದಲ್ಲಿ ಕರೆದುಕೊಂಡು ಹೋದೆವು.

ಅಂಗಡಿಯ ಹುಡುಗ ಕ್ಯಾಮೆರಾ, ಆಟ, ಸಂಗೀತ ಎಂದು ಒಂದೊಂದನ್ನೇ ವರ್ಣಿಸಿ, ೭,೫೦೦ ರೂಪಾಯಿಯ ಎಂಟು ಅಂಗುಲದ ಹಲಗೆಯನ್ನು ಮುಂದಿಟ್ಟನು. ಮಗ ತಾನು ತಂದಿದ್ದ ಕಾರ್ಡನ್ನು ಹಾಕಿ ಜೈಮಿನಿ ಭಾರತವನ್ನು ತೆರೆದನು. ತಾಯಿಯವರು ಅದನ್ನು ಕೈಗೆ ತೆಗೆದುಕೊಂಡು, ಒಂದು ಕ್ಷಣ ಮುಖದ ಹತ್ತಿರ ಹಿಡಿದು, ನಿರರ್ಗಳವಾಗಿ ಓದತೊಡಗಿದರು. ನನಗೆ ಆನಂದವಾಯಿತು. ಅರ್ಧ ಬೆಲೆಗೇ ಕೆಲಸವಾಯಿತಲ್ಲ ಎಂದು ಜೇಬಿಗೆ ಕೈ ಹಾಕಿದೆನು. ಆಗ ಮಗ ನನ್ನ ಕಿವಿಯಲ್ಲಿ, “ಅಪ್ಪ, ಅಜ್ಜಿ ಓದುತ್ತಿರುವುದು ಆ ಪುಟದಲ್ಲಿರುವ ಪದ್ಯವಲ್ಲ. ಅದರ ಹಿಂದಿನ ಪದ್ಯ” ಎಂದನು.

ನಾವು ಮೂಢರಾಗಿದ್ದೆವು. ಬಾಯಿಪಾಠವಾದ ಗ್ರಂಥವನ್ನು ಕೊಟ್ಟು ಕಣ್ಣನ್ನು ಪರೀಕ್ಷಿಸುವುದುಂಟೇ! ಮಗ ಅಜ್ಜಿ ಎಂದೂ ಕಂಡಿರದ ಒಂದು ಹಳೆಯ ಪ್ರವಾಸಕಥೆಯನ್ನು ತೆರೆದುಕೊಟ್ಟನು. ಎರಡು ಮಾತು ಓದಿ ಅವರು ನಿಂತರು. ಮೂರನೆಯ ಮಾತನ್ನು ಊಹಿಸಿದರು, ತಪ್ಪಾಯಿತು. ಮತ್ತೆ ತಲೆಯೆತ್ತದೆ, “ಇದೇ ಸಾಕು ಮಗು. ಅಭ್ಯಾಸವಾದರೆ ಸರಿಹೋಗುತ್ತದೆ. ಅರ್ಧ ಬೆಲೆಗೆ ಸಿಕ್ಕುವಾಗ ಇಮ್ಮಡಿ ಏಕೆ?” ಎಂದರು. ನಾನು ಏನೂ ಹೇಳಲಾರದೆ, ಹತ್ತು ಅಂಗುಲದ್ದನ್ನು ತೋರಿಸೆಂದು ಅಂಗಡಿಯ ಹುಡುಗನಿಗೆ ಹೇಳಿದೆನು. ಅದೇ ಪುಟವನ್ನು ಅಡ್ಡಲಾಗಿ ತೆರೆದು, ಅಂಚನ್ನು ಕತ್ತರಿಸಿ, ಬೆಳಕನ್ನು ಏರಿಸಿಕೊಟ್ಟೆವು. ತಾಯಿಯವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತಾಗಿ, ಮಕ್ಕಳು ಓದುವಂತೆ ಓದಿದರು. ನಿರರ್ಗಳವಾಗಿರಲಿಲ್ಲ, ಆದರೆ ಒಂದು ಮಾತೂ ತಪ್ಪಾಗಲಿಲ್ಲ. ಅರ್ಧ ಪುಟವಾದ ಮೇಲೆ, “ಮುಂದೆ ಏನಾಯಿತು, ತಿರುಗಿಸು” ಎಂದರು. ಆ ಮಾತಿನಿಂದಲೇ ವ್ಯಾಪಾರ ಮುಗಿಯಿತು.

ಹತ್ತು ಅಂಗುಲದ ಹಲಗೆಗಳಲ್ಲಿಯೂ ತರತಮಗಳುಂಟು. ಅಗ್ಗದ ಒಂದರ ತೆರೆಯಲ್ಲಿ ಚುಕ್ಕಿಗಳು ೧೨೮೦ಕ್ಕೆ ೮೦೦, ಎಂದರೆ ಅಂಗುಲಕ್ಕೆ ಸುಮಾರು ೧೫೦; ಇನ್ನೊಂದರಲ್ಲಿ ೧೯೨೦ಕ್ಕೆ ೧೨೦೦, ಅಂಗುಲಕ್ಕೆ ಸುಮಾರು ೨೨೪. ಅಕ್ಷರವನ್ನು ಇಮ್ಮಡಿ ಹಿಗ್ಗಿಸಿ ಓದುವವರಿಗೆ ಮೊದಲನೆಯದರಿಂದಲೂ ಅಷ್ಟು ಬಾಧೆಯಿಲ್ಲ. ಇಡೀ ಪುಟವನ್ನು ಒಮ್ಮೆಗೇ ಓದುವವರಿಗೆ ಮಾತ್ರ ಒತ್ತಕ್ಷರಗಳು ಕಲಸಿದಂತೆ ಕಾಣುತ್ತವೆ. ಮನೆಯ ಉಳಿದವರೂ ಓದಬೇಕೆಂದು ನಾವು ಎರಡನೆಯದನ್ನೇ ಆರಿಸಿದೆವು. ಸ್ಕ್ಯಾನ್ ಪುಸ್ತಕಗಳ ಕಡತ ಬಹಳ ಭಾರ. ರ್‍ಯಾಮ್ ೪ ಜಿಬಿಯಾದರೂ ಇಲ್ಲದಿದ್ದರೆ ಪುಟ ತಿರುಗುವಷ್ಟರಲ್ಲಿ ಓದುವವರ ತಾಳ್ಮೆ ಮುಗಿಯುತ್ತದೆ. ಪುಸ್ತಕ ತುಂಬಿಡಲು ಒಳಗಿನ ಸ್ಥಳಕ್ಕಾಗಿ ಹೆಚ್ಚು ಹಣ ತೆರಬೇಕಾಗಿಲ್ಲ. ಹೊರಗಿನಿಂದ ಕಾರ್ಡು ಹಾಕುವ ಕಂಡಿಯಿದ್ದರೆ ಸಾಕು. ಸಿಮ್ ಹಾಕುವ ಮಾದರಿಗೆ ಬೆಲೆ ಹೆಚ್ಚು. ಮನೆಯಲ್ಲಿ ವೈಫೈ ಇರುವವರಿಗೆ ಅದು ಬೇಡ. ಹೊಳೆಯುವ ತೆರೆಯಲ್ಲಿ ಹಿಂದಿನ ದೀಪ ಪ್ರತಿಬಿಂಬಿಸುತ್ತದೆಯಾದುದರಿಂದ ಕೂರುವ ದಿಕ್ಕನ್ನು ಬದಲಾಯಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಾವು ಓದುವ ಪುಟವನ್ನು ತಾವೇ ಅಂಗಡಿಗೆ ಕೊಂಡೊಯ್ದು ತೆರೆದು ನೋಡಬೇಕು. ಅದೂ ಓದುವವರಿಗೆ ಬಾಯಿಗೆ ಬಾರದ ಪುಟವಾಗಿರಬೇಕು. ನಾವು ತೆತ್ತ ಬೆಲೆ ೧೪,೦೦೦ ರೂಪಾಯಿಯ ಒಳಗೇ ಆಯಿತು.

ಮನೆಗೆ ತಂದ ಮೇಲೆ ಒಂದು ತೊಡಕು. ಹಲಗೆಯ ತೂಕ ಅರ್ಧ ಕಿಲೋವಿಗೆ ಹತ್ತಿರ. ತಾಯಿಯವರ ಕೈ ಕಾಲು ಗಂಟೆಗೇ ಸೋತಿತು. ಅದಕ್ಕೆಂದು ಮಾರುವ ನಿಲುಗಂಬಗಳನ್ನು ನಾನು ಹುಡುಕುತ್ತಿರಲು, ನನ್ನ ಹೆಂಡತಿ ವ್ಯಾಸಪೀಠವನ್ನು ತಂದು ಬಿಚ್ಚಿಟ್ಟು ಹಲಗೆಯನ್ನು ಅದರ ಮೇಲಿಟ್ಟಳು. ಅಳತೆ ಕೊಟ್ಟು ಮಾಡಿಸಿದಂತೆ ಕುಳಿತಿತು. ಯಂತ್ರವೇ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವನ್ನು ಮಗ ತೋರಿಸಿದನು. ಪುಟದ ಚಿತ್ರವನ್ನು ಅದು ನೇರವಾಗಿ ಓದಲಾರದು. ಅಕ್ಷರವಾಗಿರುವ ಪುಸ್ತಕವನ್ನು ಓದಬಲ್ಲುದು. ಬೆರಳಚ್ಚು ಮಾಡಿದ್ದ ಒಂದು ಷಟ್ಪದಿಯನ್ನು ಅದರ ಬಾಯಿಂದ ಕೇಳಿದ ತಾಯಿಯವರು, “ಪಾಪ, ರೈಲ್ವೆ ನಿಲ್ದಾಣದಲ್ಲಿ ಕೂಗಿದ ಹಾಗಿದೆ. ಅದಕ್ಕೆ ವಿಶ್ರಾಂತಿ ಕೊಡು” ಎಂದರು.

ಓದುವುದಕ್ಕೆ ಪುಸ್ತಕಗಳ ಕೊರತೆಯಿಲ್ಲ. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ ವರ್ಷ ಕಳೆದು ೬೦ ವರ್ಷವಾದರೆ, ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕು ತೀರಿ ಅವು ಸರ್ವರ ಸ್ವತ್ತಾಗುತ್ತವೆ. ೧೯೬೩ರಲ್ಲಿ ತೀರಿಕೊಂಡ ಗೋವಿಂದ ಪೈಗಳ ಮತ್ತು ತ್ರಿವೇಣಿಯವರ ಅಂತಹ ಕೃತಿಗಳು ೨೦೨೪ರ ಜನವರಿಯಿಂದ ಹಾಗಾಗಿವೆ. ತಮ್ಮ ಯೌವನದಲ್ಲಿ ಗ್ರಂಥಾಲಯದಲ್ಲಿ ಸರದಿ ಕಾದು ತಂದು ಓದಿದ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿಯನ್ನು ತಾಯಿಯವರು ಈಗ ಮಧ್ಯಾಹ್ನ ಮತ್ತೆ ಓದುತ್ತಿದ್ದಾರೆ. ಹಕ್ಕು ಇನ್ನೂ ಉಳಿದಿರುವ ಲೇಖಕರ ಪುಸ್ತಕವನ್ನು ಹಣ ಕೊಟ್ಟೇ ಕೊಳ್ಳುತ್ತೇವೆ. ಅವರು ಮೊದಲಿನಂತೆ ಗಂಟೆಗಟ್ಟಲೆ ಓದುವುದಿಲ್ಲ. ಅರ್ಧ ಗಂಟೆಗೆ ಕಣ್ಣು ದಣಿಯುತ್ತದೆ. ನೋಟ ಮುಂದೆ ಇನ್ನೂ ಕುಗ್ಗಬಹುದೆಂಬುದು ನಮಗೆ ತಿಳಿದಿದೆ, ಅವರಿಗೂ ತಿಳಿದಿದೆ. ಅದುವರೆಗಿನ ಅರ್ಧ ಗಂಟೆಗಳು ಅವರವು.

ಮೊನ್ನೆ ಸಂಜೆ ಹಲಗೆಯ ಮುಂದೆ ಷಟ್ಪದಿ ನಡೆದಿತ್ತು. ನಾನು ಪತ್ರಿಕೆ ನೋಡುತ್ತ ಕುಳಿತಿದ್ದೆನು. ನಡುವೆ ಧ್ವನಿ ತಟ್ಟನೆ ನಿಂತಿತು.

“ಇಲ್ಲಿ ಎರಡು ಪುಟ ಇಲ್ಲ ಮಗು” ಎಂದರು ತಾಯಿಯವರು.

ಮಗ ಬಂದು ಪುಟಸಂಖ್ಯೆಯನ್ನು ನೋಡಿದನು. ನಿಜ. ಎಂದೋ ಆ ಪುಸ್ತಕವನ್ನು ಸ್ಕ್ಯಾನ್ ಮಾಡಿದ ಪುಣ್ಯಾತ್ಮ ಎರಡು ಹಾಳೆಯನ್ನು ಒಟ್ಟಿಗೆ ಮಗುಚಿದ್ದನು. ನವರಾತ್ರಿಯ ಆ ಸಂಜೆ ನೆನಪಾಗಿ ನಾನು ಪತ್ರಿಕೆಯನ್ನು ಕೆಳಗಿಟ್ಟೆನು. ಅಂದು ಹಾಳೆ ತಪ್ಪಿದುದು ಅವರಿಗೆ ತಿಳಿಯಲಿಲ್ಲ, ಇಂದು ತಿಳಿಯಿತು.

ಮಗ ಕಪಾಟಿನಿಂದ ಹಳೆಯ ಪುಸ್ತಕವನ್ನು ತೆಗೆದು, ನಾವು ಯಾರೂ ಲೆಕ್ಕಕ್ಕಿಡದಿದ್ದ ಹಲಗೆಯ ಕ್ಯಾಮೆರಾದಿಂದ ಆ ಎರಡು ಪುಟಗಳ ಚಿತ್ರ ತೆಗೆಯಲು ಹೊರಟನು. ಅವನು ಬೆಳಕು ಸರಿಮಾಡಿಕೊಳ್ಳುವಷ್ಟರಲ್ಲಿ ಅವನ ಅಜ್ಜಿ ಕಣ್ಣು ಮುಚ್ಚಿಕೊಂಡು ಆ ಪುಟಗಳ ಪದ್ಯಗಳನ್ನು ಹೇಳಿ ಮುಗಿಸಿ, ಕಣ್ಣು ತೆರೆದು, ಮುಂದಿನ ಪುಟವನ್ನು ಓದುತ್ತಿದ್ದರು.